ಪಾರಿಜಾತದ ಟೇಪಿಗೆ ಪೇಟಿಯ ಸಾಕ್ಷಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಹಳೆಯ ಟ್ರಂಕು ತೆಗೆದರೆ ಶ್ರೀಕೃಷ್ಣ ಪಾರಿಜಾತದ ಕ್ಯಾಸೆಟ್ಟುಗಳು ಸಿಕ್ಕಾವು. ಅಂಗಡಿಯಲ್ಲಿ ಕೊಂಡವಲ್ಲ, ಆಟ ನಡೆದ ರಾತ್ರಿ ಯಾರೋ ಅಭಿಮಾನಿ ರಂಗದ ಅಂಚಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದವು. ಅದರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಪ್ರತಿ ಮಾಡಿಕೊಂಡವು. ಇಂಥದೊಂದು ಟೇಪು ಕೇಳಿ ಆ ರಾತ್ರಿ ರಂಗದ ಮೇಲೆ ಏನಾಯಿತು, ಅದರಲ್ಲಿ ಯಾವುದು ಮೇಲು ಎಂದು ಹೇಳುವುದು ದೊಡ್ಡ ವಿದ್ಯೆ. ಅದನ್ನು ಬಲ್ಲವರ ಪಕ್ಕ ಕೂತು ಕೇಳುವುದೇ ಒಂದು ಭಾಗ್ಯ.

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ. ಕೌಜಲಗಿ ನಿಂಗಮ್ಮನಂಥವರು ಅದನ್ನು ಮನೆಮಾತಾಗಿಸಿದರು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಕಥೆ ಇಷ್ಟೇ, ಆಟ ಮಾತ್ರ ಬೆಳಗಿನ ತನಕ. ಪದ ಒಂದೇ ಆದರೂ ಒಂದು ರಾತ್ರಿ ಹಾಡಿದಂತೆ ಇನ್ನೊಂದು ರಾತ್ರಿ ಹಾಡುವುದಿಲ್ಲ. ನಮ್ಮ ಬೀಳಗಿಯಲ್ಲೇ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯ ಕಾಲದ ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಸುಮಾರು 3 ನಿಮಿಷಕ್ಕೆ ಮುಗಿಯಲೇಬೇಕಿತ್ತು. ಬಯಲಿನ ಸತ್ಯಭಾಮೆಗೆ ಆ ಕಟ್ಟಿಲ್ಲ. ಒಂದು ಸೊಲ್ಲನ್ನು ಹಿಡಿದು ಜನ ಕರಗುವವರೆಗೆ ಜಗ್ಗಬಲ್ಲಳು. ಟೇಪಿನ ಬೆಲೆ ಇರುವುದು ಅಲ್ಲಿ.

ಆದರೆ ಟೇಪು ಇದ್ದದ್ದನ್ನು ಇದ್ದಂತೆ ಹೇಳುವುದಿಲ್ಲ. ಶೆಲ್ಲಿನ ಶಕ್ತಿ ಕುಂದಿದಾಗ ಯಂತ್ರ ಪಟ್ಟಿಯನ್ನು ನಿಧಾನವಾಗಿ ಎಳೆಯುತ್ತದೆ. ಹಾಗೆ ಹಿಡಿದದ್ದನ್ನು ಮುಂದೆ ಸರಿಯಾದ ಯಂತ್ರದಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಕೇಳಿದವರು ‘ಎಂಥಾ ಏರುದನಿ, ಎಂಥಾ ದ್ರುತ!’ ಎಂದು ತಲೆದೂಗುತ್ತಾರೆ. ಆ ಹೊಗಳಿಕೆ ಸಲ್ಲುವುದು ಶೆಲ್ಲಿಗೆ.

ಪಳಗಿದವರು ಇಲ್ಲಿ ಪೇಟಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಹಾರ್ಮೋನಿಯಂ ಒಳಗಿನ ಹಿತ್ತಾಳೆಯ ಸ್ವರಪಟ್ಟಿ ಒಂದು ರಾತ್ರಿಯಲ್ಲಿ ಏರಿ ಇಳಿಯುವ ವಸ್ತುವಲ್ಲ. ಮೊದಲ ಪದದಲ್ಲಿ ಕಪ್ಪು ಎರಡಕ್ಕೆ ನಿಂತ ಪೇಟಿ, ಆಟ ನಡೆದಂತೆ ಎರಡಕ್ಕೂ ಮೂರಕ್ಕೂ ನಡುವೆ ಎಲ್ಲೋ ಕೇಳತೊಡಗಿತೆಂದರೆ ತಪ್ಪು ಯಂತ್ರದ್ದು. ಪೇಟಿ ನಿಂತಲ್ಲೇ ಇದ್ದು ದನಿ ಮಾತ್ರ ಒಂದು ಕೂದಲೆಳೆ ಮೇಲಕ್ಕೆ ಸರಿದರೆ ಅದು ಕಲಾವಿದೆಯದು. ಆವೇಶವೂ ಇರಬಹುದು, ದಣಿವೂ ಇರಬಹುದು, ಮುಂದಿನ ಸಾಲು ಕೇಳಿದ ಮೇಲೆಯೇ ತೀರ್ಮಾನ. ಲಯದ್ದೂ ಇದೇ ಲೆಕ್ಕ. ಶ್ರುತಿ, ಲಯ ಎರಡೂ ಕೂಡಿ ಏರಿದರೆ ಯಂತ್ರ. ಶ್ರುತಿ ಕದಲದೆ ಲಯ ಮಾತ್ರ ಏರಿದರೆ ತಬಲಾದವನು ಸತ್ಯಭಾಮೆಯ ಸಿಟ್ಟಿಗೆ ಜೊತೆಯಾಗಿದ್ದಾನೆ. ಅದನ್ನು ಬರೆದುಕೊಳ್ಳಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ದನಿ ತಗ್ಗುವುದನ್ನು ಅವರು ಓದುವ ರೀತಿ. ರಂಗದ ನಡುವೆ ಮೇಲಿಂದ ಇಳಿಬಿಟ್ಟ ಮೈಕು ಒಂದೇ. ಭಾಗವತ ಸಖಿಯಾಗಿ ನಿಂತು ಚೇಷ್ಟೆ ಮಾಡುತ್ತಾನೆ, ಜನ ಹೋ ಎಂದು ನಗುತ್ತಾರೆ. ಆ ಗದ್ದಲಕ್ಕೆ ರೆಕಾರ್ಡರ್ ತನ್ನಷ್ಟಕ್ಕೇ ಸದ್ದು ಕಡಿಮೆ ಮಾಡಿಕೊಳ್ಳುತ್ತದೆ. ಮತ್ತೆ ಚೇತರಿಸಿಕೊಳ್ಳಲು ಅದಕ್ಕೆ ತುಸು ಹೊತ್ತು ಬೇಕು, ಅಷ್ಟರಲ್ಲಿ ಸತ್ಯಭಾಮೆಯ ಮೊದಲ ಮಾತು ನುಂಗಿಹೋಗಿರುತ್ತದೆ. ಆಗ ಪೇಟಿಯೂ ಅವಳೊಂದಿಗೇ ತಗ್ಗಿರುತ್ತದೆ, ಹಾಗಾಗಿ ಅದು ಅಭಿನಯವಲ್ಲ. ಆದರೆ ಪೇಟಿ ಗಟ್ಟಿಯಾಗಿ ಕೇಳುತ್ತಲೇ ಇದ್ದು ಅವಳ ದನಿ ಮಾತ್ರ ದೂರವಾಯಿತೆಂದರೆ? ಆಕೆ ಕೃಷ್ಣನಿಗೆ ಬೆನ್ನು ತಿರುಗಿಸಿದ್ದಾಳೆ, ಮೈಕಿನಿಂದ ಎರಡು ಹೆಜ್ಜೆ ಸರಿದಿದ್ದಾಳೆ. ಕಣ್ಣಿಗೆ ಕಾಣದ ಮುನಿಸು ಕಿವಿಗೆ ಸಿಕ್ಕಿತು! ಬರೀ ಟೇಪು ಕೇಳಿ ರಂಗದ ನಡೆಯನ್ನು ಹೀಗೆ ಹೇಳುವವರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಬದಿ ತಿರುಗಿಸುವಾಗ ಪದದ ನಡುವಿನ ಚೂರು ಕಳೆದೇ ಹೋಗುತ್ತದೆ. ಇಳಕಲ್ಲಿನ ನೇಕಾರರು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಜಾಗವನ್ನು ಬೆರಳಲ್ಲಿ ಸವರಿ ನೋಡುವಂತೆ ಕೇಳುಗ ಈ ಕೂಡುಜಾಗವನ್ನು ಪರೀಕ್ಷಿಸಬೇಕು. ಎಷ್ಟೋ ಸಲ ಎರಡನೆಯ ಬದಿ ಬೇರೆ ರಾತ್ರಿಯದು, ಬೇರೆ ಸತ್ಯಭಾಮೆಯದೂ ಆಗಿರುತ್ತದೆ.

ಚೀಟಿಯ ಮೇಲೆ ಬರೆದದ್ದನ್ನೂ ಹಾಗೇ ನಂಬಬಾರದು. ಅಮೆರಿಕದ ಬಾಬ್ ಡಿಲನ್‌ನ 1966ರ ಒಂದು ಕಛೇರಿಯ ಕಳ್ಳಪ್ರತಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂದೇ ವರ್ಷಗಟ್ಟಲೆ ಕೈಯಿಂದ ಕೈಗೆ ದಾಟಿತ್ತು. ಅದು ನಿಜಕ್ಕೂ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದದ್ದು. ಜಾನಪದದ ಹಾಡುಗಾರ ವಿದ್ಯುತ್ ಗಿಟಾರ್ ಹಿಡಿದನೆಂದು ಸಿಟ್ಟಾದ ಒಬ್ಬ ಕೇಳುಗ ಅವನನ್ನು ‘ಜೂಡಸ್’ ಎಂದು ಕೂಗಿದ್ದೂ ಆ ಟೇಪಿನಲ್ಲಿದೆ. 1998ರಲ್ಲಿ ಕಂಪನಿಯೇ ಅದನ್ನು ಅಧಿಕೃತವಾಗಿ ಹೊರತಂದಾಗ ಆ ಕೂಗನ್ನು ಅಳಿಸಲಿಲ್ಲ. ಕೇಳುಗರ ದನಿಯೂ ಕಛೇರಿಯ ಭಾಗವೇ.

ನಮ್ಮಲ್ಲಿ ಊರು, ಕಾಲ ತಿಳಿಯಲು ಆಹೇರಿಗಿಂತ ಒಳ್ಳೆಯ ಸುಳಿವಿಲ್ಲ. ಪದ ಮೆಚ್ಚಿದವರು ದುಡ್ಡು ಕೊಡುತ್ತಾರೆ, ಭಾಗವತ ಆಟ ನಿಲ್ಲಿಸಿ ಕೊಟ್ಟವರ ಹೆಸರು, ಊರು, ಮೊತ್ತ ಹೇಳುತ್ತಾನೆ. ಒಂದು ರೂಪಾಯಿಯ ಆಹೇರಿಗೆ ಚಪ್ಪಾಳೆ ಬಿದ್ದ ರಾತ್ರಿಗೂ ನೂರರ ನೋಟು ಬಂದ ರಾತ್ರಿಗೂ ನಡುವೆ ಎಷ್ಟು ವರ್ಷ ಎಂದು ಊಹಿಸಬಹುದು. ರಸಭಂಗವೆಂದು ಈ ಭಾಗವನ್ನು ಕತ್ತರಿಸಿ ಕಂಪ್ಯೂಟರಿಗೆ ಏರಿಸುವವರಿದ್ದಾರೆ. ಅದು ದೊಡ್ಡ ನಷ್ಟ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ಕೃಷ್ಣೆ ಘಟಪ್ರಭೆಯ ದಂಡೆಯ ಎಷ್ಟೋ ಹಳ್ಳಿಗಳು ಎದ್ದು ಬೇರೆಡೆ ಕೂತವು. ಅಂಥ ಊರಿನ ಅಗಸಿಯ ಮುಂದೆ ಆಟ ನಡೆದದ್ದಕ್ಕೆ ಆ ಒಂದು ಘೋಷಣೆಯೇ ದಾಖಲೆಯಾಗಿ ಉಳಿದಿರಬಹುದು.

ವಿಮರ್ಶೆ ಬರೆಯುವಾಗ ‘ಅದ್ಭುತ’, ‘ಮಧುರ’ ಎಂದರೆ ಏನೂ ಹೇಳಿದಂತಾಗದು. ಎಷ್ಟನೆಯ ಕ್ಯಾಸೆಟ್ಟು, ಯಾವ ಬದಿ, ಯಾವ ಪದ, ಸೊಲ್ಲನ್ನು ಎಷ್ಟು ಸಲ ಮರಳಿ ತಂದರು, ಎಲ್ಲಿ ಹಿಮ್ಮೇಳಕ್ಕೆ ಬಿಟ್ಟರು, ಎಲ್ಲಿ ಬಿಡದೆ ತಾವೇ ಹಿಡಿದರು ಎಂದು ಬರೆಯಬೇಕು. ಪೇಟಿ, ತಬಲಾ, ತಾಳದವರ ಹೆಸರು ತಿಳಿದರೆ ಕಡ್ಡಾಯವಾಗಿ ಹಾಕಬೇಕು. ಈ ಟೇಪುಗಳು ಕೈಬದಲಾದಾಗ ಮೇಳದವರಿಗೆ ಒಂದು ಪೈಸೆಯೂ ಸೇರಲಿಲ್ಲ, ಹೆಸರಾದರೂ ಸೇರಲಿ.

ಇಂಥ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ ಬೂಸಲು ಬಂದಿದೆಯೇ ಎಂದು ಮೊದಲು ಬೆಳಕಿಗೆ ಹಿಡಿದು ನೋಡಿ. ಬೂಸಲಿದ್ದರೆ ಯಂತ್ರಕ್ಕೆ ಹಾಕಬೇಡಿ, ಬಲ್ಲವರಿಗೆ ಕೊಡಿ. ಚೆನ್ನಾಗಿದ್ದರೆ ಹೆಡ್ ಒರೆಸಿ, ಸದ್ದನ್ನು ಶುದ್ಧ ಮಾಡುವ ಗೋಜಿಗೆ ಹೋಗದೆ ಇದ್ದಂತೆಯೇ ಒಂದು ಪ್ರತಿ ತೆಗೆದಿಡಿ. ವೇಗ ತಿದ್ದುವುದು, ಸರಸರ ಸದ್ದು ತೆಗೆಯುವುದು ಎಲ್ಲ ಎರಡನೆಯ ಪ್ರತಿಯಲ್ಲಿ ಆಗಲಿ. ಚೀಟಿಯ ಮೇಲಿನ ಕೈಬರಹ ತಪ್ಪಿದ್ದರೂ ಅದರದೊಂದು ಫೋಟೊ ಜೊತೆಗಿರಲಿ.