ಗಾಳದವರ ತಗಡಿನ ದೋಣಿ

ಸಣ್ಣ ಅಲ್ಯೂಮಿನಿಯಂ ದೋಣಿಯಲ್ಲಿ ಕುಳಿತು ಕೆರೆಗೆ ಗಾಳ ಹಾಕುವವರು ಮೊದಲು ಅದರ ಸದ್ದಡಗಿಸಬೇಕೆಂದು ನನ್ನ ಮತ. ನೀರಿನಲ್ಲಿ ಶಬ್ದವು ಗಾಳಿಯಲ್ಲಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಸಾಗುತ್ತದೆ. ಬರಿಯ ತಗಡಿನ ಮೇಲೆ ತಂಬಿಗೆ ಉರುಳಿದರೆ ಮೀನುಗಳಿಗೆ ಡಂಗುರ ಸಾರಿದಂತೆಯೇ ಸರಿ. ಪ್ಲೈವುಡ್ ನೆಲ ಕೂರಿಸಿ, ರಬ್ಬರ್ ಚಾಪೆ ಹಾಸಬೇಕು. ಆದರೆ ಹುಳು ಹಿಡಿಯದಿರಲೆಂದು ತಾಮ್ರದ ಲವಣ ಕುಡಿಸಿದ ಮರ ಕೂಡದು. ತೇವದಲ್ಲಿ ತಾಮ್ರದ ಸಂಪರ್ಕದಿಂದ ತಗಡು ಸವೆದು ತೂತು ಬೀಳುತ್ತದೆ.

ಆಸನವನ್ನು ಎತ್ತರಿಸಿದಷ್ಟೂ ಸೊಂಟಕ್ಕೆ ಹಿತ, ದೋಣಿಗೆ ಅಹಿತ. ಭಾರ ಮೇಲೇರಿದಂತೆ ಅದು ಸುಲಭವಾಗಿ ಮಗುಚುತ್ತದೆ. ಬ್ಯಾಟರಿ, ಲಂಗರು ತಳದಲ್ಲಿರಲಿ. ಬೆಂಚಿನಡಿಯ ಫೋಮನ್ನು ಮಾತ್ರ ಜಾಗದಾಸೆಗೆ ಕೀಳಬೇಡಿ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ನೀರು ತುಂಬಿದ ದೋಣಿಯನ್ನು ತೇಲಿಸುವುದು ಆ ಫೋಮೇ. ನಾನಂತೂ ಲೈಫ್ ಜಾಕೆಟ್ ತೊಡದವರನ್ನು ದೋಣಿಗೆ ಹತ್ತಿಸುವುದಿಲ್ಲ, ಈಜು ಬಲ್ಲವರಾದರೂ.