ಟೀಚರು ನೆಲದ ಮೇಲೆ ಕೂರುವ ಶಾಲೆ

ಹೆಗ್ಗಡದೇವನಕೋಟೆಯಿಂದ ಕಬಿನಿ ಹಿನ್ನೀರಿನ ಕಡೆ ಹೊರಟು ರಾಗಿ, ಹತ್ತಿ ಹೊಲಗಳನ್ನು ದಾಟಿದರೆ ಈ ಕಿರಿಯ ಪ್ರಾಥಮಿಕ ಶಾಲೆ ಸಿಗುತ್ತದೆ. ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಹೊಂಗೆಮರ. ಜಗಲಿಯ ಮೇಲೆ ಪುಟ್ಟ ಪುಟ್ಟ ಚಪ್ಪಲಿಗಳು. ನಡುವೆ ಒಂದು ಜೋಡಿ ಮಾತ್ರ ದೊಡ್ಡದು. ಅಣ್ಣನದನ್ನು ತಮ್ಮ ಮೆಟ್ಟಿಕೊಂಡು ಬಂದಿದ್ದಾನೆ.

ಮೊದಲ ಕೋಣೆಯಲ್ಲಿ ಬೆಂಚಿಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ, ಚಾಪೆಗಳ ಮೇಲೆ ಗುಂಪುಗುಂಪಾಗಿ ಕೂತಿದ್ದಾರೆ. ಟೀಚರೂ ಅವರ ನಡುವೆ ನೆಲದ ಮೇಲೆಯೇ. ಮೇಲೆ ಕಟ್ಟಿದ ದಾರಗಳ ‘ಚಪ್ಪರ’ದಿಂದ ಮಕ್ಕಳು ಬಿಡಿಸಿದ ಚಿತ್ರಗಳು ತೂಗುತ್ತಿವೆ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆಟಕುವಷ್ಟೇ ಎತ್ತರಕ್ಕೆ ಕಪ್ಪು ಬಣ್ಣ ಬಳಿದು, ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಟ್ಟಿದ್ದಾರೆ. ಇದು ನಲಿ-ಕಲಿ. ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿಬಂದ ಸರ್ಕಾರಿ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ಇದೇ ತಾಲ್ಲೂಕಿನಲ್ಲಿ ಆರಂಭಿಸಿದ ಪದ್ಧತಿ. 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು.

ಇಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಗೊತ್ತಾದರೆ ಸಾಕು, ಮಗು ‘ಸರ’, ‘ಗರಗಸ’, ‘ಅರಸ’ ಓದಿಬಿಡುತ್ತದೆ. ನಾನು ನೋಡುತ್ತಿದ್ದಂತೆಯೇ ಒಂದನೇ ತರಗತಿಯ ಹುಡುಗಿಯೊಬ್ಬಳು ‘ಅರಸ’ ಕಾರ್ಡನ್ನು ಓದಿ ಎದ್ದು ನಿಂತಳು. “ಮಿಸ್, ನಮ್ಮಪ್ಪ ಅರ್ಧ ಬಂದ!” ಅಪ್ಪನ ಹೆಸರಿನ ಕೊನೆಗೆ ಅರಸ ಇದೆಯಂತೆ, ಮೊದಲ ಭಾಗಕ್ಕೆ ಒತ್ತಕ್ಷರ ಬೇಕು, ಅದಿನ್ನೂ ದೂರ. ಟೀಚರು ಜೋರಾಗಿ ನಕ್ಕು, “ಮಿಕ್ಕಿದ್ದನ್ನೂ ಬರಿಯೋವಂತೆ ಬಾ” ಎಂದರು. ಆ ಮಗು ಅರ್ಧ ಅಪ್ಪನನ್ನು ತನ್ನ ಪಾಲಿನ ಗೋಡೆಯ ತುಂಬ ಬರೆಯಿತು. ಅಕ್ಷರ ಯಾಕೆ ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಬಾಗಿಲ ಪಕ್ಕ ಹವಾಮಾನ ನಕ್ಷೆ. ದಿನಕ್ಕೊಬ್ಬರು ಆಕಾಶ ನೋಡಿ ಅದರಲ್ಲಿ ಗುರುತು ಮಾಡಬೇಕು. ಹೊರಗೆ ಸುಡುಬಿಸಿಲು, ಇವತ್ತಿನ ಹುಡುಗ ಮಳೆ ಬರೆದಿದ್ದ. ಯಾಕಪ್ಪ ಎಂದರೆ, “ನಮ್ಮಪ್ಪ ಜ್ವಾಳ ಬಿತ್ತವ್ನೆ ಮಿಸ್, ಬತ್ತದೆ.” ಟೀಚರು ಅದನ್ನು ಅಳಿಸಲಿಲ್ಲ. ಪಕ್ಕದಲ್ಲಿ ಒಂದು ಸೂರ್ಯನನ್ನೂ ಬರೆಸಿದರು.

ಮೂಲೆಯಲ್ಲಿ ಮೂರನೇ ತರಗತಿಯ ಹುಡುಗಿ ಒಂದನೆಯವನಿಗೆ ಕಲಿಸುತ್ತಿದ್ದಾಳೆ. ಅವಳಿಗೆ ಕನ್ನಡಕವಿಲ್ಲ. ಆದರೂ ಟೀಚರಂತೆಯೇ ಮೂಗಿನ ಮೇಲೆ ಬೆರಳಿಟ್ಟು ಇಲ್ಲದ ಕನ್ನಡಕವನ್ನು ಮೇಲೇರಿಸಿ, “ತಪ್ಪಾದ್ರೆ ಪರ್ವಾಗಿಲ್ಲ ಕಂದ, ಇನ್ನೊಂದ್ಸಲ ನೋಡು” ಎನ್ನುತ್ತಾಳೆ. ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿತು. ಈ ಕೋಣೆಯಲ್ಲಿ ತಪ್ಪಿಗೆ ಏಟಿಲ್ಲ ಎನ್ನುವುದು ಅವಳ ಆ ಒಂದು ಮಾತಿನಲ್ಲೇ ಗೊತ್ತಾಗುತ್ತದೆ.

ನಾಲ್ಕು, ಐದನೇ ತರಗತಿಗೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಮೇಷ್ಟ್ರಿದ್ದಾರೆ. ಹಾಗಾಗಿ ಈ ಟೀಚರಿಗೆ ಒಂದೊಂದು ಮಗುವಿನ ಪಕ್ಕವೂ ಕೂರಲು ಬಿಡುವು ಸಿಗುತ್ತದೆ. ಹಾಲು, ಬಿಸಿಯೂಟ, ದಾಖಲೆ ಪುಸ್ತಕ, ಐದೂ ತರಗತಿ ಎಲ್ಲವನ್ನೂ ಒಬ್ಬರೇ ಹೊರುವ ಶಾಲೆಯಲ್ಲಿ ಅರ್ಧ ಬಂದ ಅಪ್ಪನ ಸುದ್ದಿ ಕೇಳಲು ಯಾರಿಗೆ ಪುರುಸೊತ್ತು? ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಶಿಕ್ಷಕರನ್ನು ಕೊಡಿ. ಉಳಿದ ಯೋಜನೆಗಳೆಲ್ಲ ಆಮೇಲೆ.