ಹಿತ್ತಾಳೆಯ ತೂತು, ಘಟ್ಟದ ಗಾಳಿ

ಅಂಗೈಯಲ್ಲಿಟ್ಟರೆ ಕಡಲೆಕಾಳಿಗಿಂತ ತುಸು ದೊಡ್ಡದು. ಹಿತ್ತಾಳೆಯ ತುಂಡು, ಒಂದು ಬದಿಗೆ ಥ್ರೆಡ್, ನಡುವೆ ಆರಪಾರ ಒಂದು ತೂತು. ಇದೇ ಕಾರ್ಬುರೇಟರಿನ ಜೆಟ್. ಕೈಹಿನ್ ಕಂಪೆನಿಯ ಜೆಟ್ ಮೇಲೆ 100 ಎಂದಿದ್ದರೆ ತೂತಿನ ಅಗಲ ಒಂದು ಮಿಲಿಮೀಟರ್. 105 ಎಂದಿದ್ದರೆ ಹೆಚ್ಚಾದದ್ದು ಒಂದು ಕೂದಲಿನ ದಪ್ಪದಷ್ಟೂ ಇಲ್ಲ. ಅಷ್ಟಕ್ಕೇ ಗಾಡಿಯ ಸ್ವಭಾವ ಬದಲಾಗುತ್ತದೆ. ಮಿಕುನಿ ಕಾರ್ಬುರೇಟರಿನ ಸಾಮಾನ್ಯ ಜೆಟ್‌ಗಳಲ್ಲಿ ಅಂಕಿಯ ಅರ್ಥ ಬೇರೆ, ಅದು ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತದೆ ಎಂಬ ಲೆಕ್ಕ. ಒಂದರ ನೂರನ್ನು ಇನ್ನೊಂದರ ನೂರೆಂದು ತಿಳಿದು ಹಾಕಿದವರು ಕೈಸುಟ್ಟುಕೊಂಡಿದ್ದಾರೆ.

ಉಡುಪಿ, ಕಾಪು, ಕಾರ್ಕಳದ ಹಳೆಯ ಗ್ಯಾರೇಜುಗಳಲ್ಲಿ ಈ ತೂತಿನ ವಿದ್ಯೆ ಇನ್ನೂ ಉಳಿದಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ, 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100, ಅದೇ ವರ್ಷ ಬಂದ 970 ಸಿಸಿಯ ಮಾರುತಿ ಜಿಪ್ಸಿ, ಎಲ್ಲವೂ ಕಾರ್ಬುರೇಟರಿನ ಮಕ್ಕಳು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹೊತ್ತು ಏರುವ ಡೀಸೆಲ್ ಜೀಪುಗಳಿಗೆ ಮಾತ್ರ ಇದರ ಗೊಡವೆ ಇಲ್ಲ.

ಒಳಗಿನ ಕೆಲಸ ಹೀಗೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಲ್ಲಿ ವೇಗ ಪಡೆದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನ ಪೆಟ್ರೋಲ್ ಜೆಟ್ ಮೂಲಕ ಮೇಲೆದ್ದು ಮಂಜಾಗುತ್ತದೆ. ಐಡಲ್‌ನಲ್ಲಿ ಪೈಲಟ್ ಜೆಟ್, ನಡುವೆ ನೀಡಲ್, ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ಒಂದೊಂದರ ಸರದಿ ಒಂದೊಂದು ಹೊತ್ತಿಗೆ.

ಆದರೆ ಕಾರ್ಬುರೇಟರಿಗೆ ಗಾಳಿಯ ತೂಕ ತಿಳಿಯದು. ಕಾಪುವಿನ ದೀಪಸ್ತಂಭದ ಬುಡದಲ್ಲಿ ಸರಿಯಾಗಿ ಕೂರಿಸಿದ ಗಾಡಿಯನ್ನು ಹೆಬ್ರಿ, ಸೋಮೇಶ್ವರ ದಾಟಿಸಿ ಆಗುಂಬೆಯ ಹದಿನಾಲ್ಕು ತಿರುವು ಹತ್ತಿಸಿ. ಆರುನೂರು ಮೀಟರು ಮೇಲೆ ಗಾಳಿ ನೂರಕ್ಕೆ ಸುಮಾರು ಆರು ಪಾಲು ತೆಳು. ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ತಗ್ಗುವುದಿಲ್ಲವಾದ್ದರಿಂದ ಮಿಶ್ರಣ ನೂರಕ್ಕೆ ಮೂರರಷ್ಟು ರಿಚ್, ಅಂದರೆ ಪೆಟ್ರೋಲ್ ಹೆಚ್ಚಾದದ್ದು, ಆಗುತ್ತದೆ. ಅದು ಸವಾರನ ಗಮನಕ್ಕೂ ಬಾರದಿರಬಹುದು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ, 1,900 ಮೀಟರಿನ ಎತ್ತರಕ್ಕೆ ಹೋದರೆ ಗಾಳಿ ನೂರಕ್ಕೆ ಹದಿನೇಳು ಪಾಲು ತೆಳುವಾಗಿ ಮಿಶ್ರಣ ಹತ್ತರಷ್ಟು ರಿಚ್. ಪಿಕಪ್ ಇಲ್ಲ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಪ್ಲಗ್ ತುಂಬ ಮಸಿ.

ಇದೇ ಕಷ್ಟ ಅಮೆರಿಕದ ಬೆಟ್ಟಗಳಲ್ಲಿ ಸ್ನೋಮೊಬೈಲ್, ಎಟಿವಿ ಓಡಿಸುವವರದು. ಬೆಳಿಗ್ಗೆ ಕಣಿವೆ, ಮಧ್ಯಾಹ್ನ ಶಿಖರ. ಹಿಮದಲ್ಲಿ ನಿಂತು ಬಟ್ಟಲು ಬಿಚ್ಚಿ ಜೆಟ್ ಬದಲಿಸುವುದು ಹೇಗೆ? ಅವರಿಗಾಗಿ ಬಂದದ್ದು ಹೊರಗಿನಿಂದ ತಿರುಗಿಸುವ ಜೆಟ್ ಜೋಡಣೆ. ಡಯಲ್-ಎ-ಜೆಟ್ ಎಂಬುದು ಆ ಜಾತಿಯದು. ಬಟ್ಟಲಿನ ತಳದಿಂದ ಒಂದು ಸಣ್ಣ ನಳಿಕೆ ಹೊರಟು ಕಾರ್ಬುರೇಟರಿನ ಬಾಯಿಗೆ ಸೇರುತ್ತದೆ. ದಾರಿಯಲ್ಲಿ ಹರಿವನ್ನು ಹೆಚ್ಚುಕಡಿಮೆ ಮಾಡುವ ಗುಬುಟು. ಒಳಗಿನ ಮೇನ್ ಜೆಟ್ ಒಂದೆರಡು ನಂಬರ್ ಚಿಕ್ಕದು ಹಾಕಿ, ಕೊರತೆಯನ್ನು ಈ ನಳಿಕೆಯಿಂದ ತುಂಬಿಸಿಕೊಳ್ಳುವುದು ಉಪಾಯ. ಎಳೆತ ಜೋರಾದಾಗ ಮಾತ್ರ ಅದು ಪೆಟ್ರೋಲ್ ಕೊಡುತ್ತದೆ. ಐಡಲ್‌ನ ತೊಂದರೆಗೆ ಮದ್ದಲ್ಲ, ಅದಕ್ಕೆ ಪೈಲಟ್ ಮತ್ತು ಏರ್ ಸ್ಕ್ರೂವನ್ನೇ ನೋಡಬೇಕು.

ಇಷ್ಟೇ ಆಗಿದ್ದರೆ ಘಟ್ಟ ಹತ್ತುವವರ ಹವ್ಯಾಸದ ಮಾತಾಗುತ್ತಿತ್ತು. ಆದರೆ ಈಗ ಕಡಲಮಟ್ಟದಲ್ಲೇ ಜೆಟ್ಟಿನ ಪ್ರಶ್ನೆ ಎದ್ದಿದೆ. 2023ರಲ್ಲಿ ಕೆಲವು ಬಂಕುಗಳಲ್ಲಿ ಶುರುವಾದ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದುದ್ದಕ್ಕೂ ಬಂತು. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಒಂಬತ್ತೇ ಸಾಕು. ಬೆರಕೆಗೆ ಹದಿಮೂರೂವರೆ. ಹಾಗಾಗಿ ಹಳೆಯ ಜೆಟ್ಟಿನಲ್ಲಿ ಹಳೆಯ ಬೈಕು ನೂರಕ್ಕೆ ಎಂಟರಷ್ಟು ಲೀನ್, ಅಂದರೆ ಪೆಟ್ರೋಲ್ ಕಡಿಮೆಯಾಗಿ, ಓಡುತ್ತದೆ. ಇಂಜೆಕ್ಷನ್ ಗಾಡಿ ಸೆನ್ಸರ್ ಓದಿ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಟೂ ಸ್ಟ್ರೋಕ್ ಎಂಜಿನ್ ಲೀನ್ ಆಗಿ ಬಿಸಿಯೇರಿದರೆ ಪಿಸ್ಟನ್ ಸೀಜ್ ಆಗಿಯೇ ನಿಲ್ಲುವುದು.

ಮದ್ದು ದೊಡ್ಡದಲ್ಲ: 100 ಇದ್ದಲ್ಲಿ 105ಕ್ಕೆ ಹತ್ತಿರದ ಜೆಟ್. ವಿಶೇಷ ಇರುವುದು ಇಲ್ಲಿ. ಎಥನಾಲ್ ಎಂಟರಷ್ಟು ಲೀನ್ ಮಾಡುತ್ತದೆ, ಮುಳ್ಳಯ್ಯನಗಿರಿ ಹತ್ತರಷ್ಟು ರಿಚ್ ಮಾಡುತ್ತದೆ. ಕಾಪುವಿನಲ್ಲಿ ಲೀನ್ ಆದ ಹಳೆಯ ಜೆಟ್ ಗಿರಿಯ ತುದಿಯಲ್ಲಿ ಹೆಚ್ಚುಕಡಿಮೆ ಹದವಾಗುತ್ತದೆ! ಕರಾವಳಿಗೆಂದು ದೊಡ್ಡ ಜೆಟ್ ಹಾಕಿದವನಿಗೆ ಗಿರಿಯಲ್ಲಿ ಮತ್ತೆ ಮಸಿ. ಹೊರಗಿನಿಂದ ತಿರುಗಿಸುವ ಜೆಟ್ಟಿನ ನಿಜವಾದ ಉಪಯೋಗ ನನಗೆ ಕಂಡದ್ದು ಈ ಲೆಕ್ಕ ಹಾಕಿದ ಮೇಲೆಯೇ.

ಎಥನಾಲಿಗೆ ನೀರಿನ ಸೆಳೆತವೂ ಇದೆ. ನಮ್ಮ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಲ್ಲಿ ನೀರು ಬೇರೆಯಾಗಿ ತಳ ಸೇರಬಹುದು, ಜೆಟ್ ಇರುವುದೂ ತಳದಲ್ಲೇ. ಆಷಾಢದಲ್ಲಿ ಗಾಡಿ ನಿಲ್ಲಿಸುವವರು ಬಟ್ಟಲು ಖಾಲಿ ಮಾಡಿಡಿ. ಕಟ್ಟಿದ ಜೆಟ್ಟಿಗೆ ಸ್ಟೀಲ್ ತಂತಿ ತೂರಿಸಬೇಡಿ, ಹಿತ್ತಾಳೆ ಮೃದು, ಗೀಚಿದರೆ ನಂಬರಿಗೆ ಅರ್ಥವಿಲ್ಲ. ಗಾಳಿ ಹೊಡೆಸಿ ಸಾಕು.

ಬಾಗಿಲಲ್ಲಿ ನಿಂತು ರೋಗಲಕ್ಷಣ ಹೇಳತೊಡಗಿದರೆ ನಮ್ಮ ಕಡೆಯ ಮೇಸ್ತ್ರಿಯಿಂದ ಬರುವ ಮಾತು ಒಂದೇ: ‘ಅದೆಲ್ಲ ಮತ್ತೆ ಮಾರಾಯ್ರೆ, ಮೊದಲು ಪ್ಲಗ್ ತೆಗೀರಿ.’ ಮಸಿಯಾದರೆ ರಿಚ್, ಸುಣ್ಣದಂತೆ ಬೆಳ್ಳಗಾದರೆ ಲೀನ್, ಕಾಫಿಪುಡಿಯ ಕಂದಾದರೆ ಹದ. 2020ರ ಏಪ್ರಿಲಿನಲ್ಲಿ ಬಿಎಸ್ 6 ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುತೇಕ ಇಂಜೆಕ್ಷನ್ನೇ. ಕಿರಿಯ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಹಿಡಿದು ಕಲಿಯುತ್ತಿದ್ದಾರೆ, ಈ ಬಣ್ಣ ಓದುವ ಕಣ್ಣು ಅವರಿಗೆ ದಾಟಬೇಕೆಂಬ ಆಸೆ ನನ್ನದು. 1957ರಲ್ಲಿ ಶುರುವಾದ ಮಣಿಪಾಲದ ಎಂಐಟಿಯಲ್ಲಿ ಬಾಹಾ ಸ್ಪರ್ಧೆಗೆಂದು ಕಲ್ಲುಮಣ್ಣಿನ ಗಾಡಿಯನ್ನು ತಾವೇ ಕಟ್ಟುವ ವಿದ್ಯಾರ್ಥಿಗಳಿದ್ದಾರೆ, ಲೇತ್ ಯಂತ್ರಗಳಿವೆ. ಹಿತ್ತಾಳೆ ಸರಳು, ಒಂದು ಸೂಜಿ, ಒಂದು ನಳಿಕೆ. ತಿರುಗಿಸುವ ಜೆಟ್ ಇಲ್ಲೇ ತಯಾರಾಗಲು ಬೇರೇನು ಬೇಕು?

ಅಲ್ಲಿಯವರೆಗೆ ಬೇರೆ ಬೇರೆ ನಂಬರಿನ ಮೂರು ಜೆಟ್, ಒಂದು ಸ್ಕ್ರೂಡ್ರೈವರ್, ಪ್ಲಗ್ ಪಾನ ಡಬ್ಬಿಯಲ್ಲಿರಲಿ. ಆಗುಂಬೆಯ ಕೊನೆಯ ತಿರುವಿನಾಚೆ ಖಾಲಿ ರಸ್ತೆ ಸಿಕ್ಕಾಗ ಒಂದಿಷ್ಟು ದೂರ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ.